ಸಮಾಜಸೇವೆಗೂ ಸಂಬಳ ಬೇಕು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮೂರಿನಲ್ಲಿ ಕೆಲಸ ಎಂದರೆ ಸರ್ಕಾರಿ ನೌಕರಿ, ಇಲ್ಲವೇ ಕಂಪನಿ, ಎರಡೂ ಸಿಗದಿದ್ದರೆ ಹೊಲ. ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕಂಪನಿ ಸೇರಿದವನು. ಇವತ್ತು ಇನ್ನೊಂದು ಬಗೆಯ ಕೆಲಸದ ಬಗ್ಗೆ ಹೇಳುತ್ತೇನೆ. ಅದು ಸೇವಾಸಂಸ್ಥೆಗಳ ಕೆಲಸ.

ನಮ್ಮ ರಾಜ್ಯದಲ್ಲಿ ಇಂಥ ಸಂಸ್ಥೆಗಳು ಹೊಸವಲ್ಲ. ಮೈರಾಡ 1968ರಿಂದ ಇದೆ. ಹೆಗ್ಗಡದೇವನಕೋಟೆ ಕಡೆ ಆಸ್ಪತ್ರೆ, ಶಾಲೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಲ್ಲಿ ಶುರುವಾಯಿತು. ಬಿಸಿಯೂಟ ಕೊಡುವ ಅಕ್ಷಯ ಪಾತ್ರ 2000ದಲ್ಲಿ. ಇಂಥ ಕಡೆ ನರ್ಸ್, ಲೆಕ್ಕಿಗರು, ಚಾಲಕರು, ಅಡುಗೆಯವರು, ಶಿಕ್ಷಕರು, ಕಂಪ್ಯೂಟರ್ ಬಲ್ಲವರು ಎಲ್ಲರೂ ಬೇಕು.

2014ರ ಏಪ್ರಿಲ್‌ನಿಂದ, ನಿಗದಿತ ಮಿತಿ ದಾಟಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು ಬಂತು. ಹಣ ಬಂತು, ಹುದ್ದೆಗಳೂ ಬಂದವು. ಆದರೆ ಹಣ ಬರುವುದು ಯೋಜನೆಯ ಲೆಕ್ಕದಲ್ಲಿ. ಯೋಜನೆ ಮುಗಿದರೆ ಹುದ್ದೆಯೂ ಮುಗಿಯಿತು. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲನ್ನು 2020ರಲ್ಲಿ ಶೇ. 50ರಿಂದ 20ಕ್ಕೆ ಇಳಿಸಿದರು. ಅಲ್ಲಿಗೆ ಲೆಕ್ಕ ಬರೆಯುವವರ, ಕಚೇರಿ ನೋಡುವವರ ಸಂಬಳಕ್ಕೂ ಕತ್ತರಿ ಬಿತ್ತು.

ನನ್ನ ತಂಗಿ ಒಂದು ಸಂಸ್ಥೆಯಲ್ಲಿ ಬಾಣಂತಿಯರ ಮನೆ ಮನೆಗೆ ಹೋಗುತ್ತಿದ್ದಳು. ಯಾವ ಮನೆಯಲ್ಲಿ ಅತ್ತೆಯ ಹತ್ತಿರ ಮೊದಲು ಮಾತಾಡಬೇಕು ಎಂಬುದು ಅವಳಿಗೆ ಗೊತ್ತಾಗುವ ಹೊತ್ತಿಗೆ ಯೋಜನೆ ಮುಗಿಯಿತು. ಈಗ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಆ ಹಳ್ಳಿಗಳಿಗೆ ನಾಳೆ ಇನ್ನೊಂದು ಯೋಜನೆ ಬಂದರೆ, ಹೊಸಬರು ಮೊದಲಿನಿಂದ ಕಲಿಯಬೇಕು.

ಇಲ್ಲಿರುವ ತಮ್ಮ ತಂಗಿಯರೇ, ಇಂಥ ಕೆಲಸ ಸಿಕ್ಕರೆ ಬೇಡ ಅನ್ನಬೇಡಿ. ಸೇರುವ ಮೊದಲು ಕೇಳಿ: ನೇಮಕಾತಿ ಪತ್ರ ಕೊಡುತ್ತೀರಾ? ಪಿ.ಎಫ್. ಇದೆಯಾ? ಹಣ ಎಲ್ಲಿಯವರೆಗೆ ಇದೆ? ಕೇಳಿದರೆ ಸೇವಾಭಾವ ಕಡಿಮೆಯಾಗುವುದಿಲ್ಲ.

ದಾನ ಕೊಡುವ ನಮಗೂ ಒಂದು ಮಾತು. ಕೋಣೆ, ಕಂಪ್ಯೂಟರ್ ಕೊಟ್ಟರೆ ಗೋಡೆಯ ಮೇಲೆ ಹೆಸರು ಬರುತ್ತದೆ, ಸಂಬಳ ಕೊಟ್ಟರೆ ಬರುವುದಿಲ್ಲ. ನಮ್ಮ ಸಂಘ ಈ ಶಾಲೆಗೆ ಗ್ರಂಥಾಲಯ ಮಾಡಿಕೊಡಲು ಹೊರಟಿದೆ. ಅದರ ಬಾಗಿಲು ತೆಗೆದು, ಮಕ್ಕಳ ಕೈಗೆ ಪುಸ್ತಕ ಕೊಟ್ಟು ಓದಿಸುವ ಒಬ್ಬರ ಸಂಬಳಕ್ಕೂ ಬೇರೆ ನಿಧಿ ಇಡೋಣ. ಮೊದಲ ಆರು ತಿಂಗಳ ಸಂಬಳ ನಾನು ಕೊಡುತ್ತೇನೆ. ಉಳಿದದ್ದನ್ನು ಇವತ್ತಿನ ಸಭೆಯಲ್ಲೇ ತೀರ್ಮಾನಿಸಬೇಕೆಂದು ಕೋರುತ್ತೇನೆ.