ಜತ್ತ ತಾಲೂಕಿನ ಕನ್ನಡ ಹಳ್ಳಿಗಳೂ ಗ್ರಾಮಸಭೆಯೂ
(ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರು ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ಪಂಚಾಯಿತಿಯ ಸದಸ್ಯನಾದವನು ತನ್ನನ್ನು ಆರಿಸಿ ಕಳುಹಿದ ಜನರ ಮುಂದೆ ಕಾಲಕಾಲಕ್ಕೆ ನಿಂತು ಲೆಕ್ಕ ಒಪ್ಪಿಸಬೇಕು. ಓಟು ಕೇಳಲು ಮನೆಬಾಗಿಲಿಗೆ ಬಂದವನು ಆ ಮೇಲೆ ಐದು ವರುಷ ಮುಖ ತೋರದಿದ್ದರೆ ಅದು ಪ್ರಜಾರಾಜ್ಯವಾಗದು. ಆದಕಾರಣ ಇಂದು ನೀರು, ಶಾಲೆ, ಅರ್ಜಿ ಎಂಬ ಮೂರು ವಿಷಯಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಈ ಮೂರಕ್ಕೂ ಮೂಲವಾಗಿರುವುದು ನಮ್ಮ ಗ್ರಾಮಸಭೆ. ಅದನ್ನು ನಾವು ಕೈಬಿಟ್ಟರೆ ಉಳಿದ ಮೂರೂ ನಮ್ಮ ಕೈತಪ್ಪುತ್ತವೆ ಎಂಬುದೇ ನನ್ನ ಭಾಷಣದ ಸಾರ.

ಮೊದಲು ನಾವು ನಿಂತ ನೆಲದ ಕಥೆಯನ್ನು ಚಿಕ್ಕದಾಗಿ ನೆನೆಯೋಣ. ಜತ್ತವು ಡಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ರಚನೆಯಾದ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂದು ಹೆಸರಾಯಿತು. 1956ರ ನವೆಂಬರ್ 1ರಂದು ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದಾಗ ನಾವು ಗಡಿಯ ಈಚೆ ಉಳಿದೆವು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಮಹಾರಾಷ್ಟ್ರ ಸರಕಾರವು ಅದನ್ನು ಒಪ್ಪಲಿಲ್ಲ. 2004ರಲ್ಲಿ ಅದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಏರಿತು. ಆ ವಾದವನ್ನು ನಾನು ಇಂದು ಎತ್ತಿಕೊಳ್ಳುವುದಿಲ್ಲ. ಗಡಿಯ ಗೆರೆ ಎಲ್ಲಿಯೇ ಇರಲಿ, ಮುಂಜಾನೆ ಎದ್ದು ಕೊಡ ಹಿಡಿದು ಹೊರಡುವ ತಾಯಿಗೆ ನೀರು ಬೇಕು, ಪಾಟಿ ಹಿಡಿದು ಹೊರಡುವ ಕೂಸಿಗೆ ಅದರ ಮಾತಿನಲ್ಲಿ ಪಾಠ ಬೇಕು. ಅದನ್ನು ದೊರಕಿಸುವುದು ಇಂದಿನ ಕೆಲಸ.

ಈಗ ನೀರಿನ ವಿಚಾರ. ನಮ್ಮದು ಮಳೆಯ ನೆರಳಿನ ನಾಡು. ಬೋರ ನದಿಯು ಹೆಸರಿಗೆ ನದಿಯೇ ಹೊರತು ವರುಷದ ಬಹು ತಿಂಗಳು ಬರಿಯ ಉಸುಕು. ಉಮದಿ, ಸಂಖ, ತಿಕ್ಕುಂಡಿ, ಬಾಲಗಾಂವ, ಕರಜಗಿ, ಮಾಡಗ್ಯಾಳಗಳ ಕಡೆಗೆ ಬರದ ದಿನಗಳಲ್ಲಿ ಟ್ಯಾಂಕರಿನ ದಾರಿ ಕಾಯುವುದನ್ನು ಯಾರೂ ಬಣ್ಣಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ ಕೆಲಸವಿಲ್ಲದೆ ಕಬ್ಬು ಕಡಿಯಲು ಮಕ್ಕಳು ಮರಿ ಕಟ್ಟಿಕೊಂಡು ಹೊರಡುವ ಕುಟುಂಬಗಳನ್ನು ನಾವೆಲ್ಲ ಬಲ್ಲೆವು. ಕೃಷ್ಣಾ ನದಿಯ ನೀರನ್ನು ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಎತ್ತಿ ಬರದ ತಾಲೂಕುಗಳಿಗೆ ಹರಿಸುವ ಯೋಜನೆ ಹಳೆಯದು. ಅದರ ನೀರು ನಮ್ಮ ತಾಲೂಕಿನ ಪಶ್ಚಿಮದ ಕೆಲವು ಹಳ್ಳಿಗಳಿಗೆ ಬಂತು. ಪೂರ್ವದ ಕನ್ನಡ ಹಳ್ಳಿಗಳು ನೋಡುತ್ತಲೇ ಉಳಿದವು.

ಈ ಸಂಕಟದಲ್ಲಿಯೇ 2012ರಲ್ಲಿ ಜತ್ತ ತಾಲೂಕಿನ ಸುಮಾರು 40 ಹಳ್ಳಿಗಳು, ನೀರು ಕೊಡದಿದ್ದರೆ ನಾವು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದವು. ಆ ಮೇಲೆ ಹತ್ತು ವರುಷ ಅದನ್ನು ಕೇಳಿದವರು ಕಡಿಮೆ. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅದೇ ಠರಾವಿನ ಮಾತನ್ನು ಎತ್ತಿದರು. ಆಗ ಮುಂಬಯಿಯಲ್ಲಿಯೂ ಬೆಂಗಳೂರಿನಲ್ಲಿಯೂ ಜತ್ತದ ಹೆಸರು ಕೇಳಿತು. ಕೆಲವೇ ದಿನಗಳಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಿಕ್ಕುಂಡಿಯ ಕೆರೆಗೆ ಹರಿದು ಬಂತು. ಇತ್ತ ಮಹಾರಾಷ್ಟ್ರ ಸರಕಾರವು ಮ್ಹೈಸಾಳ ಯೋಜನೆಯನ್ನು ಜತ್ತದ ವಂಚಿತ ಹಳ್ಳಿಗಳಿಗೆ ವಿಸ್ತರಿಸಲು ಸುಮಾರು 2,000 ಕೋಟಿ ರೂಪಾಯಿಗಳ ಕೆಲಸವನ್ನು ಸಾರಿತು.

ಬಂಧುಗಳೇ, ಇದರಿಂದ ನಾವು ಕಲಿಯಬೇಕಾದುದು ಎರಡು. ಒಂದು, ಹಳ್ಳಿಗರು ಕೂಡಿ ಬರೆದ ಹಾಳೆಗೆ ಬಲವುಂಟು. ಅದು ಎರಡು ರಾಜ್ಯಗಳ ಮುಖ್ಯಮಂತ್ರಿಗಳನ್ನು ಮಾತನಾಡಿಸಿತು. ಇನ್ನೊಂದು, ಬರೆದು ಬಿಟ್ಟುಬಿಟ್ಟರೆ ಆ ಬಲ ಹತ್ತು ವರುಷ ನಿದ್ರೆ ಮಾಡುತ್ತದೆ. ಕೆರೆಗೆ ಒಮ್ಮೆ ನೀರು ಬಂದುದು ಸಂತೋಷವೇ. ಆದರೆ ಒಮ್ಮೆಯ ಉಪಕಾರ ಬೇರೆ, ವರುಷ ವರುಷದ ಹಕ್ಕು ಬೇರೆ. ಎಷ್ಟು ನೀರು, ಯಾವ ತಿಂಗಳು, ಯಾವ ಕೆರೆಗೆ ಎಂಬುದು ಕಾಗದದ ಮೇಲೆ ಬರುವ ತನಕ, ಕಾಲುವೆಯ ಕೆಲಸ ನಮ್ಮ ಶಿವಾರಕ್ಕೆ ಎಂದು ಮುಟ್ಟುತ್ತದೆಂಬ ಉತ್ತರ ಬರುವ ತನಕ, ಪ್ರತಿಯೊಂದು ಗ್ರಾಮಸಭೆಯಲ್ಲಿಯೂ ನಾವು ಆ ಪ್ರಶ್ನೆಯನ್ನು ಬರೆಯಿಸುತ್ತಲೇ ಇರಬೇಕು.

ಹಾಗಾದರೆ ಗ್ರಾಮಸಭೆಯೆಂದರೇನು? ಪಂಚಾಯಿತಿಯ ಸದಸ್ಯರ ಸಭೆಯೇ ಗ್ರಾಮಸಭೆಯೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 1958ರ ಗ್ರಾಮ ಪಂಚಾಯಿತಿ ಕಾಯಿದೆಯ ಪ್ರಕಾರ ಮತದಾರರ ಯಾದಿಯಲ್ಲಿ ಹೆಸರಿರುವ ಪ್ರತಿಯೊಬ್ಬ ಗಂಡಸೂ ಹೆಂಗಸೂ ಅದರ ಸದಸ್ಯರು. ವಾಡಿಕೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಸುತ್ತಮುತ್ತ ಅದು ಕೂಡುತ್ತದೆ. ಸಭೆ ನಡೆಯಲು ಮತದಾರರಲ್ಲಿ ಶೇಕಡಾ 15 ಜನ ಅಥವಾ 100 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಅಷ್ಟು ಜನ ಬಾರದಿದ್ದರೆ ಸಭೆಯನ್ನು ಮುಂದೂಡುತ್ತಾರೆ. ಮುಂದೂಡಿದ ಸಭೆಗೆ ಆ ಸಂಖ್ಯೆಯ ಕಟ್ಟು ಇರುವುದಿಲ್ಲ. ಆಗ ನಾಲ್ಕಾರು ಜನ ಕುಳಿತು ಇಡೀ ಊರಿನ ಪರವಾಗಿ ನಿರ್ಧರಿಸುತ್ತಾರೆ. ನಾವು ಮನೆಯ ಕಟ್ಟೆಯ ಮೇಲೆ ಕುಳಿತು ‘ಪಂಚಾಯಿತಿಯವರು ಏನೂ ಮಾಡುವುದಿಲ್ಲ’ ಎಂದು ಬೈಯುತ್ತಿರುವಾಗಲೇ ಅಲ್ಲಿ ನಮ್ಮ ಹೆಸರಿನಲ್ಲಿ ಎಲ್ಲವೂ ಮುಗಿದಿರುತ್ತದೆ.

ತಾಯಂದಿರಿಗೆ ಒಂದು ಮಾತು. ಗ್ರಾಮಸಭೆಗೆ ಮೊದಲು ಮಹಿಳೆಯರ ಸಭೆ ಬೇರೆಯಾಗಿ ನಡೆಯಬೇಕೆಂಬುದು ಈ ರಾಜ್ಯದ ಕಾಯಿದೆ. ಪಂಚಾಯಿತಿಯ ಸ್ಥಾನಗಳಲ್ಲಿ ಅರ್ಧ ಸ್ಥಾನಗಳನ್ನು 2011ರಿಂದ ಮಹಿಳೆಯರಿಗಾಗಿ ಕಾಯ್ದಿರಿಸಿದ್ದಾರೆ. ನೀರು ಹೊರುವವರು ನೀವು. ನಳದ ನೀರು ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಗಂಡಸರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಸೊಸೆಯು ಸದಸ್ಯೆಯಾಗಿ ಮಾವನವರು ಸಹಿ ಹಾಕಿಸುವ ರೂಢಿ ನಿಲ್ಲಬೇಕು.

ಹಣದ ವಿಷಯವನ್ನೂ ಹೇಳಬೇಕು. ಪಂಚಾಯಿತಿಯ ಹಣವು ಆಕಾಶದಿಂದ ಬೀಳುವುದಿಲ್ಲ. ಮನೆಪಟ್ಟಿ, ನೀರುಪಟ್ಟಿ ನಾವು ಕೊಡುವುದು. ಹಣಕಾಸು ಆಯೋಗದ ಅನುದಾನವು ದಿಲ್ಲಿಯಿಂದ ಬರುವುದು. 2021ರಿಂದ 2026ರ ವರೆಗಿನ ಅವಧಿಗೆ 15ನೆಯ ಹಣಕಾಸು ಆಯೋಗವು ಅನುದಾನದ ಶೇಕಡಾ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯ ಎಂಬ ಎರಡೇ ಕೆಲಸಗಳಿಗೆ ಕಟ್ಟಿಹಾಕಿತು. ಆ ಹಣದಲ್ಲಿ ನಮ್ಮ ಊರಿಗೆ ಬಂದುದೆಷ್ಟು, ವೆಚ್ಚವಾದುದು ಎಲ್ಲಿ ಎಂದು ಕೇಳಲು ನಿಮಗೆ ಅಧಿಕಾರವಿದೆ. ಸದಸ್ಯನಾದ ನನ್ನನ್ನೇ ಮೊದಲು ಕೇಳಿರಿ. ಆದರೆ ಪಟ್ಟಿಯನ್ನು ಬಾಕಿ ಇಟ್ಟುಕೊಂಡವನ ಪ್ರಶ್ನೆಗೆ ತೂಕ ಕಡಿಮೆಯೆಂಬುದನ್ನೂ ಮರೆಯಬೇಡಿರಿ.

ಇನ್ನು ಶಾಲೆ. ಜತ್ತ ತಾಲೂಕಿನಲ್ಲಿ ಸಾಂಗಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ಇವು ಯಾರೋ ಮಾಡಿದ ದಾನವಲ್ಲ. 1949ರಲ್ಲಿ ಕೂಡಿದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಪರಿಷತ್ತು, ಒಂದು ಶಾಲೆಯಲ್ಲಿ 40 ಅಥವಾ ಒಂದು ವರ್ಗದಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಎಂಬ ಅನುಚ್ಛೇದವು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡುವುದನ್ನು ರಾಜ್ಯಗಳ ಹೊಣೆಯಾಗಿಸಿತು. ಹೀಗಿದ್ದೂ 2024ರಲ್ಲಿ ನಮ್ಮ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ಸುದ್ದಿ ಬಂತು. ಕರ್ನಾಟಕದ ಸಚಿವ ಎಚ್. ಕೆ. ಪಾಟೀಲರು ಆ ಕುರಿತು ಮಹಾರಾಷ್ಟ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಆ ಶಿಕ್ಷಕರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಹೊಟ್ಟೆಪಾಡಿಗೆ ಬಂದವರು. ಆದರೆ ಕನ್ನಡ ಬಾರದ ಗುರು ಮತ್ತು ಮರಾಠಿ ಬಾರದ ಶಿಷ್ಯ ಎದುರುಬದುರು ಕುಳಿತರೆ ವರುಷ ಹಾಳಾಗುವುದು ಕೂಸಿನದು.

ಬೆಂಗಳೂರಿನ ಪತ್ರವೊಂದೇ ಸಾಲದು. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಹೆಚ್ಚಿನವರು ತಂದೆತಾಯಿಗಳೇ ಇರುತ್ತಾರೆ. ಅವರು ಪ್ರತಿ ವರ್ಗದ ಮಕ್ಕಳ ಸಂಖ್ಯೆ, ಖಾಲಿ ಉಳಿದ ಶಿಕ್ಷಕರ ಜಾಗ, ಕನ್ನಡ ಬಲ್ಲ ಶಿಕ್ಷಕರ ಸಂಖ್ಯೆ ಇವನ್ನು ಬರೆದಿಡಲಿ. ಗ್ರಾಮಸಭೆಯಲ್ಲಿ ಅದರ ಮೇಲೆ ಠರಾವಾಗಲಿ. ಪಂಚಾಯತ ಸಮಿತಿಗೂ ಜಿಲ್ಲಾ ಪರಿಷತ್ತಿಗೂ ಪ್ರತಿ ಹೋಗಲಿ. ಮಕ್ಕಳ ಸಂಖ್ಯೆ ಇಳಿದರೆ ಶಾಲೆಯೂ ಇಳಿಯುತ್ತದೆ; ಆದ್ದರಿಂದ ಕನ್ನಡ ಶಾಲೆ ಉಳಿಯಲೆಂದು ಭಾಷಣ ಮಾಡುವವರು ತಮ್ಮ ಮಕ್ಕಳನ್ನು ಅಲ್ಲಿಗೇ ಕಳಿಸಲಿ. ಮಕ್ಕಳು ಮರಾಠಿಯನ್ನೂ ಚೆನ್ನಾಗಿ ಕಲಿಯಲಿ. ಅದು ನಮ್ಮ ನೆರೆಯವರ ಮಾತು, ಕಚೇರಿಯ ಮಾತು. ಒಂದು ಭಾಷೆ ಕಲಿಯಲು ಇನ್ನೊಂದನ್ನು ಕಳೆದುಕೊಳ್ಳಬೇಕಾಗಿಲ್ಲ.

ದೊಡ್ಡ ಮಕ್ಕಳಿಗೂ ಒಂದು ದಾರಿಯುಂಟು. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ನಿಯಮಗಳಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳಲ್ಲಿ ವಾಸಿಸಿ ಕಲಿತ ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಅರ್ಹತೆಯ ಬೇರೆ ಕಲಮು ಇದೆ. ಅದಕ್ಕೆ ವಾಸದ ದಾಖಲೆ, ಓದಿನ ದಾಖಲೆ ಬೇಕಾಗುತ್ತವೆ. ಕೊನೆಯ ದಿನ ಓಡಾಡುವ ಬದಲು ಮೊದಲೇ ಅವುಗಳನ್ನು ತೆಗೆದಿಟ್ಟುಕೊಳ್ಳಿರಿ.

ಕಡೆಯದು ಅರ್ಜಿ. ‘ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುವುದಿಲ್ಲ’ ಎಂದು ಹೇಳಿಸಿಕೊಂಡು ಹಿಂದಿರುಗಿದ ಮುದುಕರು ನನ್ನ ಹತ್ತಿರ ಬರುತ್ತಾರೆ. ಸಂವಿಧಾನದ 350ನೆಯ ಅನುಚ್ಛೇದವು, ತನ್ನ ಅಹವಾಲನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟು ಇರುವ ತಾಲೂಕಿನಲ್ಲಿ ಮುಖ್ಯ ನೋಟೀಸುಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂದು 1961ರಲ್ಲಿ ಮುಖ್ಯಮಂತ್ರಿಗಳ ಪರಿಷತ್ತು ಒಪ್ಪಿತು. 350ಬಿ ಅನುಚ್ಛೇದದಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆಯೂ 1957ರಿಂದ ಬಂದಿದೆ. ಆದಕಾರಣ ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ. ಕೆಲಸ ಬೇಗ ಆಗಲೆಂದು ಜೊತೆಗೆ ಮರಾಠಿಯ ಪ್ರತಿಯನ್ನೂ ಲಗತ್ತಿಸಿರಿ. ಎರಡರ ಮೇಲೂ ತಾರೀಖು ಹಾಕಿಸಿ, ಮುಟ್ಟಿದ ಬಗ್ಗೆ ಪಾವತಿ ಪಡೆಯದೆ ಕಚೇರಿ ಬಿಡಬೇಡಿರಿ. ಅಧಿಕಾರಿಗಳೊಡನೆ ಜಗಳವಾಡಬೇಡಿರಿ, ಕೈಮುಗಿದು ಗೋಗರೆಯಲೂ ಬೇಡಿರಿ. ಹಕ್ಕಿದ್ದವನಿಗೆ ಮೃದುವಾದ ಮಾತೇ ಸಾಕು.

ಮುಂದಿನ ಗ್ರಾಮಸಭೆಗಾಗಿ ನನ್ನ ವಿನಂತಿ ಇಷ್ಟು. ಪ್ರತಿ ಮನೆಯಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಬರಬೇಕು. ಕೆರೆಯ ನೀರು, ಶಾಲೆಯ ಶಿಕ್ಷಕರು, ನೋಟೀಸಿನ ಭಾಷೆ ಎಂಬ ಮೂರು ಠರಾವುಗಳನ್ನು ಮೊದಲೇ ಬರೆದು ತರಬೇಕು. ಗ್ರಾಮಸೇವಕರೆಂದು ನಾವು ಕರೆಯುವ ಪಂಚಾಯಿತಿ ಅಧಿಕಾರಿಗಳು ಬರೆದುಕೊಂಡುದನ್ನು ಸಭೆಯಲ್ಲಿಯೇ ಓದಿಸಿ, ಕನ್ನಡದಲ್ಲಿ ತಿಳಿಸಿ ಹೇಳಿಸಿಕೊಂಡು, ಆ ಮೇಲೆ ಸಹಿ ಮಾಡಬೇಕು. ಓದದೆ ಒತ್ತಿದ ಹೆಬ್ಬೆಟ್ಟು ನಮ್ಮದಾದರೂ ಅಲ್ಲಿ ಬರೆದ ಮಾತು ನಮ್ಮದಾಗದು. ಅದರ ನಂತರದ ಸಭೆಯಲ್ಲಿ, ಹಿಂದಿನ ಠರಾವಿಗೆ ಬಂದ ಉತ್ತರವೇನೆಂಬುದೇ ಮೊದಲ ಪ್ರಶ್ನೆಯಾಗಬೇಕು. ಉತ್ತರ ಬಾರದಿದ್ದರೆ ಅದನ್ನೂ ಬರೆಯಿಸಬೇಕು.

ನಮ್ಮ ಊರುಗಳಲ್ಲಿ ಮರಾಠಿ ಮಾತಾಡುವ ಅಣ್ಣತಮ್ಮಂದಿರೂ ಇದ್ದಾರೆ. ಗುಡ್ಡಾಪುರದ ದಾನಮ್ಮತಾಯಿಯ ಜಾತ್ರೆಗೆ ಅವರೂ ಬರುತ್ತಾರೆ, ನಾವೂ ಹೋಗುತ್ತೇವೆ. ಬತ್ತಿದ ಬಾವಿ ಅವರಿಗೂ ಬತ್ತಿದೆ. ಅವರನ್ನು ಬಿಟ್ಟು ಗ್ರಾಮಸಭೆ ಮಾಡುವುದು ಕೂಡದು. ನಮ್ಮನ್ನು ಬಿಟ್ಟು ಮಾಡುವುದಕ್ಕೂ ನಾವು ಅವಕಾಶ ಕೊಡುವುದು ಕೂಡದು.