ಕಮಾನು ಪಟ್ಟಿ ಮತ್ತು ಸನ್ನೆಯ ಲೆಕ್ಕ



ಅಮೆರಿಕದಲ್ಲಿ ರಜೆ ಬಂತೆಂದರೆ ಎಷ್ಟೋ ಕುಟುಂಬಗಳು ಪಿಕಪ್ ಟ್ರಕ್ಕಿಗೆ ಕ್ಯಾಂಪರ್ ಟ್ರೈಲರನ್ನು, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆಯನ್ನು, ಕಟ್ಟಿಕೊಂಡು ಹೊರಡುತ್ತವೆ. ಟ್ರೈಲರಿನ ತೂಕದ ಶೇಕಡಾ 10ರಿಂದ 15ರಷ್ಟು ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು. ತೀರ ಕಡಿಮೆಯಾದರೆ ಟ್ರೈಲರು ಓಲಾಡತೊಡಗುತ್ತದೆ.

ಟ್ರೈಲರು 2,000 ಕಿಲೋ, ಕೊಂಡಿಯ ಮೇಲೆ 300 ಕಿಲೋ ಎನ್ನೋಣ. ಕೊಂಡಿಯು ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿದೆ. ಎರಡು ಅಚ್ಚುಗಳ ನಡುವೆ 3.6 ಮೀಟರ್. ನೀವು ಓದಿದ ಸನ್ನೆಯೇ ಇದು. ಮುಂದಿನ ಚಕ್ರಗಳಿಂದ 100 ಕಿಲೋ ಇಳಿಯುತ್ತದೆ, ಹಿಂದಿನವುಗಳ ಮೇಲೆ 400 ಕಿಲೋ ಏರುತ್ತದೆ. ಸ್ಟೀರಿಂಗ್ ಹಿಡಿತ ಸಡಿಲವಾಗುತ್ತದೆ. ದೀಪದ ಬೆಳಕು ಎದುರಿನವರ ಕಣ್ಣಿಗೆ ಬಡಿಯುತ್ತದೆ.

ಹಿಂದೆ ಇನ್ನೊಂದು ಕಮಾನು ಪಟ್ಟಿಯನ್ನೋ ಗಾಳಿಚೀಲವನ್ನೋ ಜೋಡಿಸಿದರೆ ಕುಸಿದ ಹಿಂಭಾಗ ಮೇಲೇಳುತ್ತದೆ. ಆದರೆ ಮುಂದೆ ಕಳೆದ 100 ಕಿಲೋ ಮರಳಿತೆ? ಇಲ್ಲ. ಅದಕ್ಕೆ ಭಾರ ಹಂಚುವ ಕೊಂಡಿ ಬೇಕು. ಅದರ ಉಕ್ಕಿನ ಸರಳುಗಳು ಬಾಗಿ, ಒಂದಷ್ಟು ಭಾರವನ್ನು ಮುಂದಿನ ಚಕ್ರಗಳಿಗೂ ಟ್ರೈಲರಿನ ಚಕ್ರಗಳಿಗೂ ದಾಟಿಸುತ್ತವೆ.

ಇನ್ನೊಂದು ಮಾತು. ಕಮಾನು ಗಟ್ಟಿಯಾಯಿತೆಂದು ತಯಾರಕರು ಗೊತ್ತುಪಡಿಸಿದ ಭಾರದ ಮಿತಿ ಹೆಚ್ಚುವುದಿಲ್ಲ. ಅಚ್ಚು, ಟಯರು, ಬ್ರೇಕು ಹಳೆಯವೇ ತಾನೆ? ಬಲ್ಲವರು ಮೊದಲು ವೇ ಬ್ರಿಡ್ಜಿನಲ್ಲಿ ತೂಕ ನೋಡುತ್ತಾರೆ, ಆಮೇಲೆ ಕಮಾನು ಕೊಳ್ಳುತ್ತಾರೆ.