ಮೊಣಕೈ ಮೇಲೆ ನಿಂತ ಆಸೆ



ಇಲ್ಲಿ ಸೇರಿರುವ ಬಹುಮಂದಿಗೆ ಷಿಕಾಗೊ ಎಂದರೆ ನೆನಪಾಗುವುದು 1893ರ ಸರ್ವಧರ್ಮ ಸಮ್ಮೇಳನ, ವಿವೇಕಾನಂದರ ಭಾಷಣ. ಆ ಊರಿನವರಿಗೆ ಮಾತ್ರ 1908 ಎಂಬ ಇನ್ನೊಂದು ಇಸವಿ ಬಹುಕಾಲ ಮುಳ್ಳಿನಂತೆ ಚುಚ್ಚುತ್ತಿತ್ತು. ಅಲ್ಲಿನ ಬೇಸ್‌ಬಾಲ್ ತಂಡ ಕಬ್ಸ್ ವಿಶ್ವ ಸರಣಿ ಗೆದ್ದದ್ದು ಆ ವರ್ಷ. ಮತ್ತೆ ಗೆಲ್ಲಲು 108 ವರ್ಷ ಬೇಕಾಯಿತು. ಅಜ್ಜ, ಮಗ, ಮೊಮ್ಮಗ ಮೂವರೂ ಸೋಲು ನೋಡಿಯೇ ಬೆಳೆದ ಮನೆಗಳು ಅಲ್ಲಿ ಅಪರೂಪವಲ್ಲ.

ಹಾಗಿದ್ದರೂ ಫೆಬ್ರವರಿ ಬಂತೆಂದರೆ ಆಸೆ ಚಿಗುರುತ್ತದೆ. ಷಿಕಾಗೊ ಇನ್ನೂ ಹಿಮದಲ್ಲಿ ನಡುಗುತ್ತಿರುವಾಗಲೇ ತಂಡ ಅರಿಜೋನಾದ ಮೆಸಾ ಎಂಬ ಬಿಸಿಲ ಊರಿಗೆ ತಾಲೀಮಿಗೆ ಹೋಗುತ್ತದೆ. ಬ್ಯಾಟ್ಸ್‌ಮನ್ನರು ಕೆಲವು ದಿನ ತಡವಾಗಿ ಬಂದರೂ ನಡೆದೀತು. ಚೆಂಡೆಸೆಯುವ ಪಿಚರ್‌ಗಳು, ಅದನ್ನು ಹಿಡಿಯುವ ಕ್ಯಾಚರ್‌ಗಳು ಮೊದಲೇ ಬರಬೇಕು. ಅವರು ಬಂದಿಳಿದರು ಎಂಬ ಒಂದು ಸಾಲಿನ ಸುದ್ದಿ ಅಲ್ಲಿನ ಅಭಿಮಾನಿಗೆ ಯುಗಾದಿ ಇದ್ದ ಹಾಗೆ. ಮೂವತ್ತು ತಂಡಗಳ ಲೆಕ್ಕವೂ ಅಂದು ಸೊನ್ನೆ. ಹೋದ ವರ್ಷ ಕಟ್ಟಕಡೆಯಲ್ಲಿದ್ದ ತಂಡವೂ ಇನ್ನೂ ಒಂದು ಪಂದ್ಯ ಸೋತಿಲ್ಲ.

ಆದರೆ ಆ ಸುದ್ದಿಯ ಬೆನ್ನಿಗೇ ಅಳುಕು. ಪಿಚರ್‌ನ ಕೈ ಹೇಗಿದೆ?

ಕ್ರಿಕೆಟ್ ಬಲ್ಲವರಿಗೆ ಈ ಅಳುಕು ಕೊಂಚ ವಿಚಿತ್ರವೆನಿಸಬಹುದು. ಕ್ರಿಕೆಟ್ ಬೌಲರ್ ಒಂದು ಓವರ್ ಎಸೆದು ಬೌಂಡರಿ ಬಳಿ ಹೋಗಿ ನಿಲ್ಲುತ್ತಾನೆ. ಇನ್ನೊಬ್ಬ ಆ ಭಾರ ಹೊರುತ್ತಾನೆ. ಬೇಸ್‌ಬಾಲಿನಲ್ಲಿ ಪಂದ್ಯ ಆರಂಭಿಸುವ ಪಿಚರ್ ಒಬ್ಬನೇ ಸುಮಾರು ನೂರು ಚೆಂಡು ಎಸೆದು, ನಾಲ್ಕೈದು ದಿನ ಕೈಗೆ ವಿಶ್ರಾಂತಿ ಕೊಟ್ಟು, ಮತ್ತೆ ಬರುತ್ತಾನೆ. ತಂಡಕ್ಕೆ ಅಂಥವರು ಸಾಮಾನ್ಯವಾಗಿ ಐವರು. ಪಂದ್ಯಗಳು 162. ಓಡಿಬಂದು ವೇಗ ಕೂಡಿಸಿಕೊಳ್ಳುವ ಅನುಕೂಲವೂ ಅವನಿಗಿಲ್ಲ. ಮಣ್ಣಿನ ದಿಬ್ಬದ ಮೇಲೆ ನಿಂತು, ಕ್ರಿಕೆಟ್ಟಿನಲ್ಲಾದರೆ ನೋಬಾಲ್ ಎನಿಸುವಂತೆ ಮೊಣಕೈ ಮಡಿಸಿ ಬೀಸಿ ಎಸೆಯಬೇಕು. ಆ ಬೀಸಿನ ಭಾರವೆಲ್ಲ ಮೊಣಕೈ ಒಳಬದಿಯ ಒಂದು ಸಣ್ಣ ನಾರುಪಟ್ಟಿಯ ಮೇಲೆ, ಅಂದರೆ ಲಿಗಮೆಂಟಿನ ಮೇಲೆ ಬೀಳುತ್ತದೆ.

ಅದು ಹರಿದರೆ ಹಿಂದೆ ಆಟವೇ ಮುಗಿದಂತೆ. 1974ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನ ವೈದ್ಯ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಎಡಗೈ ಪಿಚರ್‌ನ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಹೊಲಿದರು. 1975 ಪೂರ್ತಿ ಜಾನ್ ಆಡಲಿಲ್ಲ. 1976ರಲ್ಲಿ ಮರಳಿದವರು 46ನೇ ವಯಸ್ಸಿನವರೆಗೆ ಆಡಿದರು. ತಮ್ಮ 288 ಗೆಲುವುಗಳಲ್ಲಿ 164ನ್ನು ಪಡೆದದ್ದು ಹೊಲಿದ ಕೈಯಿಂದಲೇ. ಆ ಶಸ್ತ್ರಚಿಕಿತ್ಸೆಗೆ ಈಗ ವೈದ್ಯರ ಹೆಸರಿಲ್ಲ, ರೋಗಿಯ ಹೆಸರಿದೆ! ಭಯ ಇದರಿಂದ ಹೋಗಲಿಲ್ಲ, ರೂಪ ಬದಲಿಸಿತು ಅಷ್ಟೆ. 'ಮುಂಗೈಯಲ್ಲಿ ಸ್ವಲ್ಪ ಬಿಗಿತ' ಎಂದು ತಂಡದವರು ಮೆಲ್ಲಗೆ ಹೇಳಿದರೆ ಸಾಕು, ಒಂದು ವರ್ಷ ಕೈಬಿಟ್ಟಿತೆಂದು ಅಭಿಮಾನಿ ಲೆಕ್ಕ ಹಾಕತೊಡಗುತ್ತಾನೆ.

ಷಿಕಾಗೊದವರು ಈ ಲೆಕ್ಕವನ್ನು ಚೆನ್ನಾಗಿಯೇ ಕಲಿತವರು. 1998ರ ಮೇ 6ರಂದು ಕೆರಿ ವುಡ್ ಎಂಬ ಇಪ್ಪತ್ತರ ತರುಣ ರಿಗ್ಲಿ ಫೀಲ್ಡ್ ಮೈದಾನದಲ್ಲಿ ಹ್ಯೂಸ್ಟನ್ ತಂಡದ ವಿರುದ್ಧ ದಿಬ್ಬವೇರಿದರು. ಪಂದ್ಯ ಗೆಲ್ಲಲು 27 ಔಟ್ ಬೇಕು. ಅದರಲ್ಲಿ ಇಪ್ಪತ್ತನ್ನು ವುಡ್ ಸ್ಟ್ರೈಕ್‌ಔಟ್ ಮಾಡಿದರು, ಎಂದರೆ ಬೇರೆ ಯಾರೂ ಕ್ಯಾಚ್ ಹಿಡಿಯುವ ಅಗತ್ಯವೇ ಬೀಳಲಿಲ್ಲ. ಅದು ಅವರ ಐದನೇ ಪಂದ್ಯವಷ್ಟೆ. ಆ ಚಳಿಗಾಲ ನಗರ ಎಷ್ಟು ಕನಸು ಕಂಡಿತೋ! 1999ರ ಮಾರ್ಚ್ ತಾಲೀಮಿನಲ್ಲಿ ಅದೇ ಲಿಗಮೆಂಟ್ ಹರಿಯಿತು. ಋತು ಆರಂಭವಾಗುವ ಮೊದಲೇ ವುಡ್ ಪಾಲಿಗೆ ಮುಗಿದಿತ್ತು.

ಅವರು ಚೇತರಿಸಿಕೊಂಡರು. ಜೊತೆಗೆ ಮಾರ್ಕ್ ಪ್ರಯರ್ ಬಂದರು. 2003ರಲ್ಲಿ ಪ್ರಯರ್ 18 ಪಂದ್ಯ ಗೆದ್ದು ಆರರಲ್ಲಿ ಮಾತ್ರ ಸೋತರು. ಅಕ್ಟೋಬರ್ 14ರ ರಾತ್ರಿ ಕಬ್ಸ್ ವಿಶ್ವ ಸರಣಿ ತಲುಪಲು ಐದೇ ಔಟ್ ಬಾಕಿ ಇತ್ತು. ದಿಬ್ಬದ ಮೇಲೆ ಪ್ರಯರ್. ಗ್ಯಾಲರಿಯಿಂದ ಒಬ್ಬ ಪ್ರೇಕ್ಷಕ ಚೆಂಡಿಗೆ ಕೈಚಾಚಿದ್ದು, ಆಮೇಲೆ ಫ್ಲಾರಿಡಾದವರು ಒಂದೇ ಇನಿಂಗ್ಸ್‌ನಲ್ಲಿ ಎಂಟು ರನ್ ಬಾಚಿದ್ದು ಹಳೆಯ ಕತೆ. ಊರೆಲ್ಲ ಆ ಪ್ರೇಕ್ಷಕನ ಕೈಯನ್ನು ಶಪಿಸಿತು. ಇದು ಅನ್ಯಾಯ. ಚಿಂತೆ ಮಾಡಬೇಕಾಗಿದ್ದುದು ಪ್ರಯರ್ ಅವರ ಕೈಯ ಬಗ್ಗೆ. ಆ ಸೆಪ್ಟೆಂಬರಿನಲ್ಲಿ ಅವರು ಒಂದೊಂದು ಪಂದ್ಯದಲ್ಲಿ 130ಕ್ಕೂ ಹೆಚ್ಚು ಚೆಂಡು ಎಸೆದದ್ದುಂಟು.

2004ರ ವಸಂತದಲ್ಲಿ ಈ ಜೋಡಿಯನ್ನು ನಂಬಿ ನಗರ ಕಾದಿತ್ತು. ಪ್ರಯರ್ ಹಿಮ್ಮಡಿ ಸ್ನಾಯುರಜ್ಜಿನ ನೋವಿನಿಂದ ಜೂನ್‌ವರೆಗೆ ಆಡಲಿಲ್ಲ. ವುಡ್ ಬೇಸಿಗೆಯಲ್ಲಿ ಎರಡು ತಿಂಗಳು ಹೊರಗುಳಿದರು. ಪ್ರಯರ್ ದೊಡ್ಡ ಲೀಗಿನಲ್ಲಿ ಕೊನೆಯ ಚೆಂಡು ಎಸೆದದ್ದು 2006ರಲ್ಲಿ, 25ನೇ ವಯಸ್ಸಿನಲ್ಲಿ. ಅತಿಯಾಗಿ ದುಡಿಸಿದ್ದೇ ಕಾರಣವೆಂದು ಹಲವರ ವಾದ. ಆದರೆ 2003ರಲ್ಲಿ ಅವರು ಇನ್ನೊಬ್ಬ ಆಟಗಾರನಿಗೆ ಡಿಕ್ಕಿ ಹೊಡೆದು ಬಿದ್ದಿದ್ದರು, 2005ರಲ್ಲಿ ಎದುರಾಳಿ ಬಾರಿಸಿದ ಚೆಂಡು ನೇರ ಮೊಣಕೈಗೆ ಬಡಿದು ಮೂಳೆ ಮುರಿದಿತ್ತು. ತಪ್ಪನ್ನೆಲ್ಲ ಮ್ಯಾನೇಜರ್ ತಲೆಗೆ ಕಟ್ಟುವುದು ಸುಲಭ, ಸರಿಯಲ್ಲ.

ಇಷ್ಟೆಲ್ಲ ಅನುಭವಿಸಿದವರು 2016ರ ಫೆಬ್ರವರಿಯಲ್ಲೂ ಕೈಗಳನ್ನೇ ಕಾಯುತ್ತಿದ್ದರು. ಈ ಸಲ ಕೈಗಳು ಕೆಡಲಿಲ್ಲ. 162 ಪಂದ್ಯಗಳಲ್ಲಿ 152ನ್ನು ಅದೇ ಐವರು ಪಿಚರ್‌ಗಳು ಆರಂಭಿಸಿದರು; ಇದು ಆ ಆಟದಲ್ಲಿ ಸಣ್ಣ ಭಾಗ್ಯವಲ್ಲ. ಕೆಟ್ಟದ್ದು ಯಾರೂ ಎಣಿಸದ ಕಡೆ. ಋತು ಆರಂಭವಾಗಿ ವಾರ ಕಳೆಯುವ ಮೊದಲೇ, ಏಪ್ರಿಲ್ 7ರಂದು, ಭರವಸೆಯ ಹೊಡೆತಗಾರ ಕೈಲ್ ಶ್ವಾರ್ಬರ್ ಕ್ಯಾಚ್ ಹಿಡಿಯಲು ಓಡಿ ಸಹ ಆಟಗಾರನಿಗೆ ಡಿಕ್ಕಿಯಾದರು. ಎಡ ಮೊಣಕಾಲಿನ ಎರಡು ಲಿಗಮೆಂಟ್ ಹರಿದವು. ಆ ವರ್ಷ ಅವರಿನ್ನು ಆಡುವುದಿಲ್ಲವೆಂದು ಎಲ್ಲರೂ ಕೈಬಿಟ್ಟರು.

ಅಕ್ಟೋಬರ್ ಕೊನೆಯಲ್ಲಿ, ವಿಶ್ವ ಸರಣಿಗೆ, ಅವರು ಮರಳಿದರು. ನವೆಂಬರ್ 2ರಂದು ಕ್ಲೀವ್‌ಲ್ಯಾಂಡಿನಲ್ಲಿ ಏಳನೇ ಪಂದ್ಯ 6–6ರಲ್ಲಿ ಸಮನಾಗಿ, ಮಳೆಯಿಂದ ನಿಂತು, ಹತ್ತನೇ ಇನಿಂಗ್ಸ್‌ಗೆ ಹೋಯಿತು. ಮೊದಲು ಬ್ಯಾಟ್ ಹಿಡಿದ ಶ್ವಾರ್ಬರ್ ಚೆಂಡು ಬಾರಿಸಿ ಮೊದಲ ಬೇಸ್ ತಲುಪಿದರು. ಕೂಡಲೇ ಅವರನ್ನು ಹೊರಕರೆದು, ಅವರ ಬದಲು ಓಡಲು ಗಟ್ಟಿ ಮೊಣಕಾಲಿನ ಇನ್ನೊಬ್ಬನನ್ನು ಕಳುಹಿಸಿದರು. ಮುನ್ನಡೆಯ ರನ್ ಗಳಿಸಿದ್ದು ಆತ. ಕಬ್ಸ್ 8–7ರಿಂದ ಗೆದ್ದಿತು.